ಸುಬೇದಾರ್ ಸಾಹೇಬರನ್ನು ಕೇಳಿ: ಸ್ನೈಪರ್ ಕೆಲಸದ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಸಾಹೇಬರು ಇನ್‌ಫೆಂಟ್ರಿಯಲ್ಲಿದ್ದವರು. ಮಧ್ಯಪ್ರದೇಶದ ಮಹೂನಲ್ಲಿ ಸ್ನೈಪರ್ ಕೋರ್ಸ್ ಮುಗಿಸಿ ಬೆಟಾಲಿಯನ್ ಹುಡುಗರಿಗೆ ಕಲಿಸಿದವರು. ಒಬ್ಬರಿಗೆ ಒಂದೇ ಪ್ರಶ್ನೆ.

ಹಾವೇರಿ: ಸರ್, ಸ್ನೈಪರ್ ಡೈರೆಕ್ಟ್ ಭರ್ತಿ ಯಾವಾಗ?

ಸುಬೇದಾರ್: ಹಾಗೊಂದು ಭರ್ತಿ ಇಲ್ಲ ತಮ್ಮ. ಮೊದಲು ಸಿಪಾಯಿ ಆಗು. ಬೆಟಾಲಿಯನ್ನೇ ಆರಿಸಿ ಕೋರ್ಸಿಗೆ ಕಳಿಸುತ್ತೆ.

ಗದಗ: ಕನ್ನಡಕ ಇದ್ದರೆ ಆಗುತ್ತಾ?

ಮೈಸೂರು: ಭೂಮಿ ತಿರುಗೋದರಿಂದ ಗುಂಡು ಪಕ್ಕಕ್ಕೆ ಸರಿಯುತ್ತಂತೆ. ಲೆಕ್ಕ ಹಾಕ್ತೀರಾ?

ಸುಬೇದಾರ್: ಸರಿಯುತ್ತೆ. ಕಾಶ್ಮೀರದಲ್ಲಿ 1000 ಮೀಟರಿಗೆ ಆರೇಳು ಸೆಂಟಿಮೀಟರ್. ಅದೇ ದೂರಕ್ಕೆ ಸೆಕೆಂಡಿಗೆ 5 ಮೀಟರಿನ ಅಡ್ಡಗಾಳಿ 7.62 ಮಿಲಿಮೀಟರಿನ ಗುಂಡನ್ನು ಎರಡು ಮೀಟರಿಗೂ ಹೆಚ್ಚು ಒಯ್ಯುತ್ತೆ. ಭೂಮಿ ಅದರ ಪಾಡಿಗೆ ತಿರುಗಲಿ, ನೀವು ಹುಲ್ಲು ನೋಡಿ. ಬಿಸಿಲಲ್ಲಿ ಸ್ಕೋಪಿನೊಳಗೆ ಝಳ ನೀರಿನ ಹಾಗೆ ಹರಿಯುತ್ತೆ, ಅದು ಹರಿದ ಕಡೆಗೇ ಗಾಳಿ. ಬಯಲಲ್ಲಿ ಜೀರೋ ಮಾಡಿದ, ಅಂದರೆ ಗುರಿ ಹೊಂದಿಸಿದ ರೈಫಲ್ಲು ಲಡಾಖಿನ ತೆಳು ಗಾಳಿಯಲ್ಲಿ ಮೇಲೆ ಹೊಡೆಯುತ್ತೆ, ಚಳಿಗೆ ಮದ್ದಿನ ಕಸುವು ಇಳಿದು ಒಂದಿಷ್ಟು ಕೆಳಗೂ ಎಳೆಯುತ್ತೆ. ಗುಡ್ಡದ ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಗುರಿಗಿಂತ ಮೇಲೇ ಬೀಳೋದು. 30 ಡಿಗ್ರಿ ಇಳಿಜಾರಿನಲ್ಲಿ 600 ಮೀಟರ್ ಅಳತೆ ಬಂದರೆ ಸ್ಕೋಪನ್ನು 520ಕ್ಕೆ ಇಡಬೇಕು.

ಕಲಬುರಗಿ: ಡ್ರಾಗುನೋವ್ ರೈಫಲ್ ಒಳ್ಳೇದಾ, ಸಾಕೊನಾ?

ಸುಬೇದಾರ್: ಡ್ರಾಗುನೋವ್ 1963ರ ರಷ್ಯನ್ ಮಾಲು, 800 ಮೀಟರಿನ ಕೆಲಸ. ಸಾಕೊ .338 ಇಂಚಿನ ಗುಂಡಿನದು, 1500 ಮೀಟರಿನವರೆಗೆ. ಕೆಲಸ ಬೇರೆ, ಹೋಲಿಕೆ ಬೇಡ.

ತುಮಕೂರು: (ಫಾರ್ವರ್ಡ್) ಕಮಾಂಡೋಗಳ ಗುಟ್ಟು! ರಾತ್ರಿ ಕಣ್ಣಿಗೆ ಎರಡು ತೊಟ್ಟು ಹರಳೆಣ್ಣೆ. ಫೈರಿಂಗ್ ದಿನ ಬೆಳಿಗ್ಗೆ ಒಂದು ಪ್ರೊಪ್ರನಲಾಲ್ ಮಾತ್ರೆ, ಕೈ ನಡುಗೋದೇ ಇಲ್ಲ.

ಸುಬೇದಾರ್: ಈ ವಾರ ನಾಲ್ಕನೇ ಸಲ ಬಂತು ಇದು. ಆ ಮಾತ್ರೆ ಎದೆಬಡಿತ ಇಳಿಸುತ್ತೆ. ಅಸ್ತಮಾ ಇದ್ದವನು ನುಂಗಿದರೆ ಉಸಿರು ಕಟ್ಟಿ ಜೀವಕ್ಕೇ ಕುತ್ತು. ಶೂಟಿಂಗ್ ಕ್ರೀಡೆಯಲ್ಲಿ ನಿಷೇಧ ಕೂಡ. ಎಣ್ಣೆ ಹಾಕಲೇಬೇಕು ಅಂದರೆ ಬಾಗಿಲ ಕೀಲಿಗೆ ಹಾಕಿ.

ತುಮಕೂರು: ನಮ್ಮ ತಾತ ಹಾಕ್ತಿದ್ದರು ಸರ್, ಎಂಬತ್ತಕ್ಕೂ ಕನ್ನಡಕ ಇರಲಿಲ್ಲ.

ಸುಬೇದಾರ್: ತಾತ ರೈಫಲ್ ಹಿಡಿದಿದ್ದರಾ?

ಶಿರಸಿ: ನಮಸ್ಕಾರ ಸರ್. ಮಗನಿಗೆ ಹತ್ತೊಂಬತ್ತು. ಏರ್‌ಗನ್ ಹಿಡಿದು ಅಟ್ಟದ ಕಿಟಕಿಯಲ್ಲಿ ಕೂತರೆ ನಾಲ್ಕು ತಾಸು ಅಲ್ಲಾಡೋದಿಲ್ಲ. ಪಿಕಳಾರ, ಅಳಿಲು ಬೀಳಿಸ್ತಾನೆ, ನೋಟ್‌ಬುಕ್ಕಿನಲ್ಲಿ ಬರೆದಿಡ್ತಾನೆ. ಯಾರ ಹತ್ತಿರವೂ ಮಾತಿಲ್ಲ. ಅವನ ಸೋದರಮಾವ ಹುಟ್ಟಾ ಸ್ನೈಪರ್ ಅಂತಾನೆ. ಭರ್ತಿಗೆ ಕಳಿಸಲಾ?

ಕೊಡಗು: ಕಳಿಸಿ ಅಮ್ಮ. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟೇ ಮಕ್ಕಳು ಬೆಳೆಯೋದು. ರಕ್ತದಲ್ಲೇ ಇರಬೇಕು ಅದು.

ಬೆಳಗಾವಿ: ಮರಾಠಾ ರೆಜಿಮೆಂಟಿನ ಸೆಂಟರ್ ಇರೋ ಊರಿನವನು ನಾನು. ರಕ್ತದ ಮಾತು ಬೇರೆ ಕಡೆ ಆಡಿ.

ಕೊಡಗು: ಫಿನ್‌ಲೆಂಡಿನ ಸಿಮೊ ಹಾಯ್ಹಾ ಬೇಟೆಗಾರನೇ. 1939-40ರ ಯುದ್ಧದಲ್ಲಿ ಸ್ಕೋಪೇ ಇಲ್ಲದೆ ಐನೂರಕ್ಕೂ ಮೇಲೆ ಶತ್ರುಗಳನ್ನು ಹೊಡೆದನಂತೆ!

ಬೆಳಗಾವಿ: ಅವನೂ ಮಡಿಕೇರಿಯವನಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಸುಬೇದಾರ್: ಅಕ್ಕಾ, ಮೂರು ಸಲ ಓದಿದೆ. ಅಲ್ಲಾಡದೆ ಕೂರೋದು ಒಳ್ಳೇ ಗುಣ. ಮಿಕ್ಕಿದ್ದು ನನಗೆ ಸರಿ ಕಾಣಲಿಲ್ಲ. ಸ್ನೈಪರ್ ಅಂದರೆ ಒಂಟಿ ಅಂತ ಜನ ತಿಳಿದಿದ್ದಾರೆ. ನಾವು ಜೋಡಿ. ಪಕ್ಕದಲ್ಲಿ ಮಲಗಿದ ನಂಬರ್ ಟೂ ಗಾಳಿ ಹೇಳ್ತಾನೆ, ದೂರ ಹೇಳ್ತಾನೆ, ಗುಂಡು ಎಲ್ಲಿ ಬಿತ್ತು ಅಂತ ಹೇಳ್ತಾನೆ. ಅವನ ಜೊತೆ ಮೂರು ದಿನ ಒಂದೇ ಹೊಂಡದಲ್ಲಿ, ಬಾಟಲಿಗೆ ಉಚ್ಚೆ ಹೊಯ್ದುಕೊಂಡು ಇರಬೇಕು. ಬಹಳ ಸಲ ಆ ಮೂರು ದಿನದಲ್ಲಿ ಒಂದು ಗುಂಡೂ ಹಾರಲ್ಲ, ಕಂಡದ್ದನ್ನು ಬರೆದು ತರೋದಷ್ಟೇ. ಹೊಡೆಯೋ ಚಪಲ ಇದ್ದವನು ಅಲ್ಲಿ ಹೊಡೆಯಬಾರದ್ದನ್ನು ಹೊಡೀತಾನೆ.

ಹುಡುಗರನ್ನು ಆರಿಸುವಾಗ ಇಡೀ ದಿನ ಮಲಗಿಸ್ತಿದ್ದೆ. ಸಂಜೆ ಗುರಿ ಎದ್ದು, ಬೆರಳು ಟ್ರಿಗರ್ ಮೇಲೆ ಬಂದಾಗ "ಬೇಡ" ಅಂತಿದ್ದೆ. ಬೆರಳು ತೆಗೆದು, ಹೊತ್ತು ಬರೆದು, ಮತ್ತೆ ದುರ್ಬೀನಿಗೆ ಕಣ್ಣಿಟ್ಟವನು ನನಗೆ ಬೇಕು. ಮುಖ ಸಿಂಡರಿಸಿದವನು ಎಂಥಾ ನಿಶಾನೆಗಾರನಾದರೂ ವಾಪಸ್. ತೋಪು ಹಾರಿಸೋರಿಗೆ ಎದುರಿನವನ ಮುಖ ಕಾಣಲ್ಲ ಅಕ್ಕಾ, ನಮಗೆ ಕಾಣುತ್ತೆ. ಆತ ಬೀಡಿ ಹಚ್ಚಿದ್ದು, ಕೆಮ್ಮಿದ್ದು ಎಲ್ಲ ನೋಡಿರ್ತೀವಿ.

ಏರ್‌ಗನ್ನಿಗೆ ಬೀಗ ಹಾಕಿ. ಪಿಕಳಾರ ಹೊಡೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆಮೇಲೆ ನೋಟ್‌ಬುಕ್ ತೆರೆದು ನೋಡಿ: ದೂರ, ಗಾಳಿ, ಹೊತ್ತು ಬರೆದಿದ್ದಾನಾ, ಬರೀ ಲೆಕ್ಕನಾ? ಮಾತು ನಿಂತಿದ್ದು ಯಾವಾಗಿನಿಂದ?

ಹಾಸನ: ಸರ್, ಡೈರೆಕ್ಟ್ ಭರ್ತಿ ಇದೆಯಾ?

ಸುಬೇದಾರ್: ಮೇಲೆ ಓದಿ.

ರಾಯಚೂರು: ಸಂಬಳ, ಅಲೋಯನ್ಸ್ ಎಷ್ಟು ಬರುತ್ತೆ?

ಕೊಡಗು: ಬೇಟೆ ಆಡದವರಿಗೆ ಇದೆಲ್ಲ ಅರ್ಥ ಆಗಲ್ಲ ಸಾಹೇಬ್ರೇ.

ಸುಬೇದಾರ್: ಬೇಟೆಯಲ್ಲಿ ಹಂದಿ ತಿರುಗಿ ನಿಮ್ಮನ್ನು ಸ್ಕೋಪಿನಲ್ಲಿ ಹುಡುಕುತ್ತಾ? ಸುಮ್ಮನಿರಿ.

ಬೆಳಗಾವಿ: 😂

ತುಮಕೂರು: ಹರಳೆಣ್ಣೆ ಬೇಡ ಅಂದ್ರೆ ತುಪ್ಪ ಹಾಕಬಹುದಾ?

ಸುಬೇದಾರ್: ಅಡ್ಮಿನ್, ಇವರನ್ನು ತೆಗೀರಿ, ಇಲ್ಲ ನಾನೇ ಹೋಗ್ತೀನಿ.

ಶಿರಸಿ: ಸರ್, ನೋಡಿದೆ. ದೂರ, ಗಾಳಿ ಏನೂ ಇಲ್ಲ. ಬರೀ ಗೀಟು, ಐದೈದರ ಕಟ್ಟು. ಅವರಪ್ಪ ತೀರಿಕೊಂಡ ತಿಂಗಳಿಂದ ಶುರು.

ಸುಬೇದಾರ್: ಭರ್ತಿ ವಿಚಾರ ಈಗ ಬಿಡಿ. ನಾಳೆಯೇ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರಕೊಂಡು ಹೋಗಿ, ಹತ್ತಿರದಲ್ಲಿ ಮನೋವೈದ್ಯರಿದ್ದರೆ ಅವರಾದರೂ ಸರಿ. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೀನಿ. ಈಗಲೇ ಫೋನ್ ಮಾಡಿ, ಅವನ ಕೈಗೇ ಕೊಡಿ.

ಗದಗ: ಸರ್, ಕನ್ನಡಕದ್ದು ಹೇಳಲೇ ಇಲ್ಲ.