ಡಿವಿಡಿ ಫೈಲ್ ಸೈಜ್ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಹತ್ತಿರ ನಮ್ಮೂರಿನ ಬಯಲಾಟದ ವಿಡಿಯೋವನ್ನು ಡಿವಿಡಿಗೆ ಹಾಕಬೇಕು. ಪೆನ್‌ಡ್ರೈವ್‌ನಲ್ಲಿ ಕೊಡಿ ಅನ್ನಬೇಡಿ, ಹಿರಿಯ ಕಲಾವಿದರ ಮನೆಗಳಲ್ಲಿ ಇನ್ನೂ ಹಳೇ ಪ್ಲೇಯರ್‌ಗಳೇ ಇವೆ.

ಎಡಿಟ್ ಆದ ಮೇಲೆ ಆಟ ಸರಿಯಾಗಿ 2 ಗಂಟೆ ಇದೆ. ಎಂಪೆಗ್-2 (ಡಿವಿಡಿಯ ವಿಡಿಯೋ ಫಾರ್ಮ್ಯಾಟ್) ವಿಡಿಯೋ ಸರಾಸರಿ 4500 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್, ಅಂದರೆ ಬಿಟ್‌ರೇಟ್), ಆಡಿಯೋ ಎಸಿ-3 (ಕುಗ್ಗಿಸಿದ ಆಡಿಯೋ), 192 ಕೆಬಿಪಿಎಸ್ ಇಟ್ಟಿದ್ದೇನೆ. ಲೆಕ್ಕ ಹಾಕಿದರೆ ವಿಡಿಯೋ 4.05 ಜಿಬಿ, ಆಡಿಯೋ 0.17 ಜಿಬಿ. 4.7 ಜಿಬಿ ಡಿಸ್ಕ್‌ನಲ್ಲಿ ಆರಾಮಾಗಿ ಕೂರಬೇಕು ಅಲ್ವಾ? ಬರುತ್ತಿರುವುದು 5.4 ಜಿಬಿ!

ವಿಂಡೋಸ್ ಆ ಡಿಸ್ಕನ್ನು 4.37 ಅಂತ ತೋರಿಸುವುದು 1024ರ ಲೆಕ್ಕದಿಂದ, ಅದು ಗೊತ್ತು. ನಾನು ಬೈಟ್‌ಗಳಲ್ಲೇ ಹೋಲಿಸಿದ್ದೇನೆ.

ನನಗೆ ಸಂಶಯ ಆಡಿಯೋ ಮೇಲೆ. ಪಿಸಿಎಂ (ಕುಗ್ಗಿಸದ ಆಡಿಯೋ) 1536 ಕೆಬಿಪಿಎಸ್ ಆದರೆ 2 ಗಂಟೆಗೆ 1.38 ಜಿಬಿ ಆಗುತ್ತದೆ. ಅದರಲ್ಲಿ ಎಸಿ-3ರ 0.17 ಕಳೆದರೆ 1.21 ಜಿಬಿ, ಹೆಚ್ಚಾಗಿರುವುದೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಎನ್‌ಕೋಡ್ ಆದ ಫೈಲ್‌ನಲ್ಲಿ ಎಸಿ-3 ಅಂತಲೇ ಇದೆ. ಹಾಗಾದರೆ ಮೆನು ಸೇರಿಸಿ ವಿಓಬಿ (ಡಿವಿಡಿಯಲ್ಲಿ ವಿಡಿಯೋ, ಆಡಿಯೋ ಒಟ್ಟಿಗೆ ಇರುವ ಫೈಲ್) ಮಾಡುವ ಹಂತದಲ್ಲಿ ಸಾಫ್ಟ್‌ವೇರ್ ಸುಮ್ನೆ ಪಿಸಿಎಂಗೆ ಬದಲಿಸುತ್ತಿದೆಯಾ? ಇದನ್ನು ವಿಓಬಿ ಫೈಲ್‌ನಲ್ಲೇ ನೋಡುವುದು ಹೇಗೆ?

ಇನ್ನೊಂದು, ರಾತ್ರಿ ಶೂಟಿಂಗ್, ಚಿತ್ರದಲ್ಲಿ ನಾಯ್ಸ್ (ಚುಕ್ಕೆ ಚುಕ್ಕೆ) ಬಹಳ. ಟೂ-ಪಾಸ್ (ಎರಡು ಸಲ ಓಡಿಸಿ ಎನ್‌ಕೋಡ್ ಮಾಡುವುದು) ಇಟ್ಟರೂ ಸರಾಸರಿ ಬಿಟ್‌ರೇಟ್ ಮೀರಬಹುದಾ? ಡ್ಯುಯಲ್ ಲೇಯರ್ (ಎರಡು ಪದರದ, ಹೆಚ್ಚು ಹಿಡಿಯುವ) ಡಿಸ್ಕ್ ಬೇಡ, ಆ ಪ್ಲೇಯರ್‌ಗಳು ಓದುವುದು ಅನುಮಾನ.