ಪುಣೆಯ ಬ್ರೂವರಿಯಲ್ಲಿ ಭಾವನವರಿಗೆ ಊಟ: ಖಾರದ ಮಟನ್‌ಗೆ ಯಾವ ಬಿಯರ್?

ಪ್ರಶ್ನೆ (ಕೋಥ್ರೂಡ್‌ನಿಂದ):
ಧಾರವಾಡದಿಂದ ಅಕ್ಕ, ಭಾವ ಹಾಗೂ 20 ವರ್ಷದ ಸೋದರಳಿಯ ಮುಂದಿನ ಶನಿವಾರ ಬರುತ್ತಿದ್ದಾರೆ. ಬ್ರೂವರಿಯಲ್ಲಿ ಕುಳಿತು, ಅಲ್ಲೇ ತಯಾರಾದ ಬಿಯರ್ ಕುಡಿಯಬೇಕೆಂಬುದು ಭಾವನವರ ಬಹುದಿನದ ಆಸೆ. ಖಾರದ ಮಟನ್ ಇಲ್ಲದಿದ್ದರೆ ಅವರಿಗೆ ಊಟವಾದಂತೆ ಅನಿಸುವುದಿಲ್ಲ. ಅಕ್ಕ ಸಸ್ಯಾಹಾರಿ, ಬಿಯರನ್ನೂ ಮುಟ್ಟುವುದಿಲ್ಲ. ಕಳೆದ ವರ್ಷ ಒಂದು ಕಡೆ ನಾನು ಮಟನ್ ಸುಕ್ಕಾದ ಜೊತೆ ಐಪಿಎ (ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್) ತರಿಸಿ, ಬಾಯಿ ಉರಿದು, ಎರಡನ್ನೂ ಅರ್ಧಕ್ಕೇ ಬಿಟ್ಟು ಎದ್ದಿದ್ದೆ. ಅವರಿಗೆ ಹಾಗಾಗದಂತೆ ಏನೇನು ತರಿಸಬೇಕು, ದಯವಿಟ್ಟು ತಿಳಿಸಿ.

ಔಂಧ್‌ನಿಂದ:
ಐಪಿಎಯಲ್ಲಿ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು, ಹೆಚ್ಚು. ಅದರ ಕಹಿ ಮತ್ತು ಆಲ್ಕೋಹಾಲ್ ಎರಡೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ. ಖಾರದ ಮಟನ್‌ಗೆ ಕಹಿ ಕಡಿಮೆಯಿರುವ ಗೋಧಿ ಬಿಯರ್, ಅಂದರೆ ಹೆಫೆವೈಜನ್, ತರಿಸಿರಿ. ಅದರಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳವಿದ್ದರೂ ಅವನ್ನು ಯಾರೂ ಹಾಕಿರುವುದಿಲ್ಲ, ಯೀಸ್ಟೇ ಹುದುಗುವಾಗ ಅದನ್ನು ಹುಟ್ಟಿಸುತ್ತದೆ. ನಾವು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಮಾಲ್ಟ್ ಮಾಡುವಂತೆಯೇ ಬಿಯರಿಗೆ ಜವೆಗೋಧಿಯನ್ನು (ಬಾರ್ಲಿ) ಮೊಳೆಸುತ್ತಾರೆಂದು ಹೇಳಿದರೆ ಭಾವನವರಿಗೆ ಅದು ಪರಿಚಿತವೆನಿಸೀತು. ಕಪ್ಪಗೆ ಹುರಿದ ಧಾನ್ಯದ ಸ್ಟೌಟ್, ಕೆಂಡದಲ್ಲಿ ಸುಟ್ಟ ಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ.

ವಿಮಾನನಗರದಿಂದ:
ಅಕ್ಕನವರ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ಕಡೆಗಳಲ್ಲಿ ಹಲವು ಬಾರಿ ಈರುಳ್ಳಿ ಬಳೆಗಳನ್ನು ಬಿಯರ್ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಆದ್ದರಿಂದ ತರಿಸುವ ಮೊದಲೇ ಕೇಳಿರಿ. ಬಿಯರ್ ತಯಾರಿಕೆಯಲ್ಲಿ ಉಳಿದ ಧಾನ್ಯದಿಂದ ಮಾಡಿದ ಬ್ರೆಡ್ ಸಿಕ್ಕರೆ ಅಂಜಬೇಕಿಲ್ಲ. ಯೀಸ್ಟ್ ಹಾಕುವ ಮೊದಲೇ ಆ ಧಾನ್ಯವನ್ನು ಸೋಸಿ ತೆಗೆದಿರುತ್ತಾರೆ. ಕಲ್ಯಾಣಿನಗರದಲ್ಲಿ ನಮ್ಮ ಬೆಂಗಳೂರಿನದೇ ಆದ ಟಾಯ್ಟ್ ಎಂಬ ಬ್ರೂವರಿ ಇದೆ, 2009ರಲ್ಲಿ ಪುಣೆಯಲ್ಲೇ ಆರಂಭವಾದ ದೂಲಾಲಿಯೂ ಇದೆ. ಎಲ್ಲಿಗೇ ಹೋದರೂ ಮಧ್ಯಾಹ್ನವೇ ಹೋಗಿರಿ. ಶನಿವಾರ ಸಂಜೆಯ ಸಂಗೀತದ ಅಬ್ಬರದಲ್ಲಿ ಹಿರಿಯರೊಡನೆ ಎರಡು ಮಾತಾಡುವುದೂ ಕಷ್ಟ.

ಹಡಪ್ಸರ್‌ನಿಂದ:
ಔಂಧ್‌ನವರ ಮಾತಿಗೆ ಒಂದು ತಿದ್ದುಪಡಿ: ಹೊಸಬರಿಗೆ ಸ್ಟೌಟನ್ನು ಊಟದ ನಡುವೆ ಕೊಡಬೇಡಿ. ಬಿಸಿಲಿನಲ್ಲಿ ಬಂದವರಿಗೆ ಅದು ಭಾರವೆನಿಸುತ್ತದೆ. ಕೊನೆಗೆ ಚಾಕೊಲೇಟ್ ಬ್ರೌನಿಯ ಜೊತೆ ಅರ್ಧ ಗ್ಲಾಸ್ ಸಾಕು. ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ ತುಂಬಿರಬೇಕಾದ್ದರಿಂದ ಸೋದರಳಿಯನಿಗೆ ನಿಂಬೆ ಸೋಡಾ ತರಿಸಿರಿ; ಲೈಸೆನ್ಸ್ ಇದ್ದರೆ ಮನೆಗೆ ಕಾರನ್ನೂ ಅವನೇ ಓಡಿಸಲಿ.