‘ಡೆಪ್ತ್ ಆಫ್ ಫೀಲ್ಡ್’ಗೆ ಕನ್ನಡದಲ್ಲಿ ಏನನ್ನೋಣ? ಲೆನ್ಸು, ಫೋಕಸ್ಸಿನ ಮಾತುಗಳ ಸುತ್ತ

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋ ತೆಗೆಯುವ ಕೆಲವು ಹುಡುಗರಿಗಾಗಿ ಬೆಟ್ಟ, ಬಯಲು, ಹೊಳೆಯ ಫೋಟೋ ತೆಗೆಯುವುದು ಹೇಗೆ ಅಂತ ಕನ್ನಡದಲ್ಲಿ ಕೆಲವು ಪುಟ ಬರೆಯುತ್ತಿದ್ದೇನೆ. ಕ್ಯಾಮೆರಾ ಅವರ ಕೈಗೆ ಚೆನ್ನಾಗಿ ಒಗ್ಗಿದೆ. ಇಂಗ್ಲಿಷ್ ಮಾತುಗಳೂ ಬಾಯಲ್ಲಿವೆ, ಅರ್ಥ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಅವೇ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಏನೂ ಉಪಯೋಗವಿಲ್ಲ. ನಾನು ಜಾಸ್ತಿ ತಡವರಿಸುತ್ತಿರುವುದು ‘ಡೆಪ್ತ್ ಆಫ್ ಫೀಲ್ಡ್’ ಹತ್ತಿರ, ಅಂದರೆ ಫೋಟೋದಲ್ಲಿ ಎಷ್ಟು ಹತ್ತಿರದಿಂದ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವ ಅಳತೆ.

ಪದಕ್ಕೆ ಪದ ಇಟ್ಟರೆ ‘ಕ್ಷೇತ್ರದ ಆಳ’ ಆಗುತ್ತದೆ. ಅದನ್ನು ಒಬ್ಬನಿಗೆ ಓದಲು ಕೊಟ್ಟರೆ, ‘ಕ್ಷೇತ್ರ ಅಂದ್ರೆ ಧರ್ಮಸ್ಥಳ, ಗೋಕರ್ಣದ ಥರಾನಾ ಸಾರ್?’ ಅಂತ ಕೇಳಿದ. ತಮಾಷೆಗೇ ಕೇಳಿದ್ದು, ಆದರೂ ಪದ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಅಷ್ಟು ಸಾಕು. ನನ್ನ ತಕರಾರು ‘ಆಳ’ದ ಮೇಲೆ ಇನ್ನೂ ಜಾಸ್ತಿ. ಕನ್ನಡದಲ್ಲಿ ಆಳ ಕೆಳಕ್ಕೆ ಇಳಿಯುತ್ತದೆ. ಬಾವಿಯ ಆಳ, ಮಡುವಿನ ಆಳ, ಪಾಯದ ಆಳ. ಕಣ್ಣ ಮುಂದೆ ನೇರಕ್ಕೆ ಹೋಗುವುದನ್ನು ನಾವು ದೂರ ಅನ್ನುತ್ತೇವೆ. ‘ಕಾಡಿನ ಆಳದಲ್ಲಿ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ ನಿಜ, ಆದರೆ ಊರಿನ ಮಾತಿನಲ್ಲಿ ಅದು ಕಾಡೊಳಗೆ, ಇಲ್ಲವೇ ನಟ್ಟಡವಿ. ಬೆಟ್ಟದ ತುದಿಯಲ್ಲಿ ಕ್ಯಾಮೆರಾ ಹಿಡಿದು ನಿಂತವನಿಗೆ ‘ಆಳ ಎಷ್ಟಿದೆ ನೋಡು’ ಅಂದರೆ ಅವನು ಕಾಲ ಕೆಳಗಿನ ಕಮರಿ ನೋಡುತ್ತಾನೆ, ಅಲ್ವಾ?

ವಿಷಯ ಏನು ಅಂತ ಗೊತ್ತಾದರೆ ಪದ ಹುಡುಕುವುದು ಸುಲಭ, ಅದಕ್ಕೇ ಒಂದು ನಿಜವಾದ ಜಾಗ ತೆಗೆದುಕೊಳ್ಳುತ್ತೇನೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತಿದ್ದೀರಿ. ಹಿಂದೆ ವೀರಭದ್ರನ ಗುಡಿ. ಎದುರಿಗೆ ಎರಡು ಮಾರು ದೂರದಲ್ಲಿ ಒಂದು ಗುಂಡು, ಅದರಾಚೆ ಕೆಳಗೆ 1534ರಲ್ಲಿ ಕಟ್ಟಿದ ಅಚ್ಯುತರಾಯನ ಗುಡಿ, ಅದರ ಮುಂದಿನ ಬಜಾರು, ಕೊನೆಗೆ ತುಂಗಭದ್ರೆ. ಗುಂಡಿನ ಮೇಲಿನ ಗೀರೂ ಕಾಣಬೇಕು, ಗುಡಿಯ ಗೋಪುರವೂ ಗರಿಗರಿಯಾಗಿ ಬರಬೇಕು. ಕ್ಯಾಮೆರಾ ಫೋಕಸ್ ಮಾಡುವುದು ಒಂದೇ ಒಂದು ದೂರಕ್ಕೆ. ಆ ದೂರದಿಂದ ಈಚೆಗೆ ಸ್ವಲ್ಪ, ಆಚೆಗೆ ಸ್ವಲ್ಪ ಇರುವ ವಸ್ತುಗಳೂ ನಮ್ಮ ಕಣ್ಣಿಗೆ ನಿಚ್ಚಳವಾಗಿಯೇ ಕಾಣುತ್ತವೆ. ಎಲ್ಲಿಂದ ಎಲ್ಲಿವರೆಗೆ ಹೀಗೆ ಕಾಣುತ್ತದೋ ಅದಕ್ಕೆ ಹೆಸರು ಬೇಕಾಗಿರುವುದು.

ಮೊದಲು ‘ಹರವು’ ಅಂದುಕೊಂಡಿದ್ದೆ. ಕೇಳಲು ಚೆನ್ನಾಗಿದೆ, ಆದರೆ ಹೊಳೆಯ ಹರವು ಅಂದರೆ ಅದರ ಅಗಲ. ಎಡದಿಂದ ಬಲಕ್ಕೆ. ಅದು ಲೆನ್ಸ್ ಎಷ್ಟು ಅಗಲ ನೋಡುತ್ತದೆ ಅನ್ನುವುದಕ್ಕೆ ಹೊಂದುವ ಪದ, ಅಲ್ಲಿಗೇ ಇರಲಿ: 24 ಎಂಎಂ ಲೆನ್ಸಿನ ‘ನೋಟದ ಹರವು’ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ, 200 ಎಂಎಂನದು 12 ಡಿಗ್ರಿ, ಎರಡೂ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಹಳೇ 35 ಎಂಎಂ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವುದರಲ್ಲಿ. ಈಗ ನನ್ನ ಮನಸ್ಸು ನಿಂತಿರುವುದು ‘ನಿಚ್ಚಳ ಸೀಮೆ’ ಮೇಲೆ. ಸೀಮೆಗೆ ಗಡಿ ಇರುತ್ತದೆ, ಗಡಿಯ ಒಳಗಿನ ನೆಲವೂ ಸೀಮೆಯೇ. ಇದಕ್ಕೂ ಎರಡು ಗಡಿ, ಹತ್ತಿರದ್ದು ಮತ್ತು ದೂರದ್ದು. ಗಡಿ ಈಚೆ ಬಂತು, ಆಚೆ ಹೋಯಿತು, ಸೀಮೆ ಕಿರಿದಾಯಿತು, ಹಿರಿದಾಯಿತು ಅಂತ ಸಲೀಸಾಗಿ ಮಾತಾಡಬಹುದು. ಸೀಮೆ ಅಂದರೆ ಸೀಮೆಎಣ್ಣೆ, ಸೀಮೆಸುಣ್ಣ ನೆನಪಾಗುವವರೂ ಇದ್ದಾರೆ, ಅದೊಂದು ತೊಡಕು. ಹುಡುಗರಿಗೆ ಹೀಗೆ ಹೇಳಿ ನೋಡಿದೆ: 85 ಎಂಎಂ ಲೆನ್ಸ್, ಎಫ್ 1.8 (ಲೆನ್ಸಿನ ತೂತಿನ ಅಳತೆ, ಮುಂದೆ ಹೇಳುತ್ತೇನೆ), ಎರಡು ಮೀಟರ್ ದೂರದಲ್ಲಿ ಮದುಮಗಳು. ಆಗ ನಿಚ್ಚಳ ಸೀಮೆ ಆರು ಸೆಂಟಿಮೀಟರ್ ಆಸುಪಾಸು. ಕಣ್ಣು ನಿಚ್ಚಳ, ಕಿವಿಯ ಜುಮುಕಿ ಆಗಲೇ ಮಸುಕು. ಮರು ಮಾತಿಲ್ಲದೆ ಅರ್ಥವಾಯಿತು.

ಇಲ್ಲಿಂದ ‘ಹೈಪರ್‌ಫೋಕಲ್ ಡಿಸ್ಟೆನ್ಸ್’ಗೆ ಹೋಗಬೇಕು, ಬೆಟ್ಟದ ಫೋಟೋದವರಿಗೆ ತುಂಬಾ ಬೇಕಾದ ಸಂಗತಿ ಇದೇ. ‘ಅತಿಸಂಗಮ ದೂರ’ ಅಂತ ಯಾರಾದರೂ ಹೇಳುವ ಮುಂಚೆ ನಾನೇ ಬೇಡ ಅಂತೀನಿ. ಅರ್ಥ ಇಷ್ಟೇ: ಯಾವ ದೂರಕ್ಕೆ ಫೋಕಸ್ ಮಾಡಿದರೆ ನಿಚ್ಚಳ ಸೀಮೆಯ ದೂರದ ಗಡಿ ಸರಿಯಾಗಿ ಅನಂತವನ್ನು ಮುಟ್ಟುತ್ತದೋ ಆ ದೂರ. ಹತ್ತಿರದ ಗಡಿ ಆಗ ಅದರ ಅರ್ಧಕ್ಕೆ ಬಂದು ನಿಲ್ಲುತ್ತದೆ. 24 ಎಂಎಂ ಲೆನ್ಸು, ಎಫ್ 8, ಫುಲ್ ಫ್ರೇಮ್ ಆದರೆ ಅದು ಸುಮಾರು 2.4 ಮೀಟರ್. ಅಂದರೆ 2.4ಕ್ಕೆ ಫೋಕಸ್ ಮಾಡಿದರೆ 1.2 ಮೀಟರಿನಿಂದ ತುಂಗಭದ್ರೆಯ ಆಚೆ ದಡದವರೆಗೂ ನಿಚ್ಚಳ. ಅದೇ ಲೆನ್ಸನ್ನು ಅನಂತಕ್ಕೆ ಹಾಕಿದರೆ ಹತ್ತಿರದ ಗಡಿ 2.4 ಮೀಟರಿಗೆ ಸರಿಯುತ್ತದೆ, ಕಾಲಬುಡದ ಕಲ್ಲು ಕೈಬಿಟ್ಟಂತೆಯೇ. ಇನ್ನು ಹತ್ತಿರದ ಕಲ್ಲು ಚೆನ್ನಾಗಿ ಬರಲಿ ಅಂತ ಒಂದು ಮೀಟರಿಗೆ ಫೋಕಸ್ ಮಾಡಿದಿರೋ, ದೂರದ ಗಡಿ 1.7 ಮೀಟರಿಗೇ ಮುಗಿಯಿತು, ಗುಡಿಯೂ ಇಲ್ಲ, ಹೊಳೆಯೂ ಇಲ್ಲ. ಲೆನ್ಸ್ ಉದ್ದವಾದಷ್ಟೂ ಈ ದೂರ ಓಡುತ್ತದೆ, ಯಾಕೆಂದರೆ ಲೆಕ್ಕದಲ್ಲಿ ಫೋಕಲ್ ಲೆಂತ್ (ಲೆನ್ಸಿನ ಆ ಎಂಎಂ ಅಂಕಿ) ವರ್ಗವಾಗಿ ಬರುತ್ತದೆ: 50 ಎಂಎಂಗೆ ಎಫ್ 8ರಲ್ಲಿ ಹತ್ತು ಮೀಟರ್ ದಾಟುತ್ತದೆ, 200 ಎಂಎಂಗೆ 167 ಮೀಟರ್ ಆಸುಪಾಸು. ‘ದೃಶ್ಯದ ಮೂರನೇ ಒಂದು ಭಾಗದಷ್ಟು ಒಳಗೆ ಫೋಕಸ್ ಮಾಡು’ ಅನ್ನುವ ಸೂತ್ರ ಎಲ್ಲ ಕಡೆ ಓಡಾಡುತ್ತದಲ್ಲ, ಅದು ಯಾವುದೋ ಒಂದು ದೂರಕ್ಕೆ ಮಾತ್ರ ನಿಜ. ಅನಂತದ ಮೂರನೇ ಒಂದು ಭಾಗ ಎಲ್ಲಿದೆ ಹೇಳಿ.

ಈ ಲೆಕ್ಕದ ಬೇರಲ್ಲಿ ಇನ್ನೊಂದು ಪದ ಇದೆ, ಇಂಗ್ಲಿಷ್‌ನಲ್ಲಿ ‘ಸರ್ಕಲ್ ಆಫ್ ಕನ್‌ಫ್ಯೂಷನ್’. ‘ಗೊಂದಲ ವೃತ್ತ’ ಅಂದರೆ ಓದುವವನಿಗೇ ಗೊಂದಲ. ವಿಷಯ ಸರಳ: ಫೋಕಸ್ ಸರಿ ಇದ್ದ ಕಡೆ ಒಂದು ಚುಕ್ಕಿ ಚುಕ್ಕಿಯಾಗೇ ಬೀಳುತ್ತದೆ, ತಪ್ಪಿದ ಕಡೆ ಹರಡಿ ಬೊಟ್ಟಾಗುತ್ತದೆ. ಬೊಟ್ಟು ಸಣ್ಣದಿದ್ದರೆ ಕಣ್ಣು ಅದನ್ನೂ ಚುಕ್ಕಿ ಅಂತಲೇ ನಂಬುತ್ತದೆ. ‘ಮಸುಕು ಬೊಟ್ಟು’ ಅನ್ನೋಣವೇ? ಮೇಲಿನ ಅಂಕಿಗಳೆಲ್ಲ ಬೊಟ್ಟು 0.03 ಮಿಲಿಮೀಟರ್ ಇದ್ದರೂ ಪರವಾಗಿಲ್ಲ ಅಂತ ಒಪ್ಪಿಕೊಂಡು ಹಾಕಿದ್ದು. ಆ ಒಪ್ಪಂದ ಸಣ್ಣ ಪ್ರಿಂಟನ್ನು ಕೈಯಳತೆಯಲ್ಲಿ ಹಿಡಿದು ನೋಡುವ ಕಾಲದ್ದು. ಈಗಿನವರು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ, ಆಗ ಗಡಿಯ ಹತ್ತಿರದ್ದೆಲ್ಲ ಮಸುಕೇ. ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ ಕಿರಿದಾದಷ್ಟೂ ನಿಚ್ಚಳ ಸೀಮೆ ಹಿರಿದು, ಹಾಗಾಗಿ ಅದನ್ನು ಇನ್ನೊಂದು ಮೆಟ್ಟಿಲು ಕಿರಿದು ಮಾಡಿ ಅಂತ ಬರೆದಿದ್ದೇನೆ.

ಕಿಂಡಿ ಅಂದೆನಲ್ಲ, ಅಪರ್ಚರ್‌ಗೆ ಪಠ್ಯಪುಸ್ತಕದ ಪದ ‘ದ್ಯುತಿರಂಧ್ರ’. ಪರೀಕ್ಷೆಗೆ ಸರಿ, ಬೆಟ್ಟದ ಮೇಲೆ ಗಾಳಿಯಲ್ಲಿ ಕೂಗಿ ಹೇಳಲು ಆಗದು. ಹಳೇ ಮನೆಗಳ ಮಾಡಿನಲ್ಲಿ ಬೆಳಕಿಂಡಿ ಇರುತ್ತಿತ್ತಲ್ಲ, ಅದೇ ಪದ ಇಲ್ಲಿಗೂ ಸರಿಹೋಗುತ್ತದೆ, ಉದ್ದವಾದರೆ ಬರೀ ಕಿಂಡಿ. ಇದರಿಂದ ಒಂದು ದೊಡ್ಡ ಗೋಜಲು ಬಿಡುತ್ತದೆ. ‘ಅಪರ್ಚರ್ ಜಾಸ್ತಿ ಮಾಡು’ ಅಂದಾಗ ಅರ್ಧ ಜನ ಎಫ್ 16ಕ್ಕೆ ತಿರುಗಿಸುತ್ತಾರೆ, ಅರ್ಧ ಜನ ಎಫ್ 2.8ಕ್ಕೆ. ಅಂಕಿ ದೊಡ್ಡದಾದರೆ ತೂತು ಸಣ್ಣದು, ಯಾಕೆಂದರೆ ಅದು ಭಾಗಾಕಾರ: 24 ಎಂಎಂ ಲೆನ್ಸಿನಲ್ಲಿ ಎಫ್ 8 ಅಂದರೆ 24ನ್ನು 8ರಿಂದ ಭಾಗಿಸಿ, ಮೂರು ಮಿಲಿಮೀಟರ್ ಕಿಂಡಿ. ‘ಕಿಂಡಿ ಕಿರಿದು ಮಾಡು, ಹಿರಿದು ಮಾಡು’ ಅಂದರೆ ಎರಡರ್ಥ ಇಲ್ಲ. ಕಿರಿದು ಮಾಡಿದಷ್ಟೂ ಒಳ್ಳೆಯದೇ ಅಂತಲೂ ಅಲ್ಲ, ಎಫ್ 16 ದಾಟಿ 22ಕ್ಕೆ ಹೋದರೆ ಬೆಳಕು ಕಿಂಡಿಯ ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತದೆ. 8ರಿಂದ 11 ಬೆಟ್ಟಗುಡ್ಡಕ್ಕೆ ಹದ.

ಲೆನ್ಸಿನ ಹೆಸರುಗಳ ಬಗ್ಗೆ ಜಗಳ ಕಡಿಮೆ. ‘ಮಸೂರ’ ಅಂದರೆ ಚನ್ನಂಗಿ ಬೇಳೆ, ಲ್ಯಾಟಿನ್‌ನಲ್ಲಿ ‘ಲೆನ್ಸ್’ ಅಂದರೂ ಅದೇ ಕಾಳು, ಆಕಾರ ನೋಡಿ ಇಟ್ಟ ಹೆಸರು. ನಾನು ಒಂದೊಂದು ಗಾಜಿಗೆ ಮಸೂರ ಅಂತಲೂ, ಅವೆಲ್ಲ ಕೂಡಿದ ಕೊಳವೆಗೆ ಲೆನ್ಸ್ ಅಂತಲೂ ಬರೆಯುತ್ತಿದ್ದೇನೆ. ಒಂದು 24-70 ಎಂಎಂ ಲೆನ್ಸಿನ ಒಳಗೆ ಹತ್ತಕ್ಕಿಂತ ಜಾಸ್ತಿ ಮಸೂರ ಇರುವುದರಿಂದ ಈ ಭೇದ ಸುಮ್ನೆ ಅಲ್ಲ. ಆದರೆ ‘ಜೂಮ್’ ಅನ್ನುವುದನ್ನು ಏನು ಮಾಡೋಣ? ನಮ್ಮಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಯಾವ ಲೆನ್ಸಾದರೂ ಜೂಮ್. ಅಸಲಿಗೆ ಫೋಕಲ್ ಲೆಂತ್ ಬದಲಿಸಬಹುದಾದ ಲೆನ್ಸು ಜೂಮ್, ಬದಲಿಸಲಾಗದ್ದು ಪ್ರೈಮ್. 16-35 ಕೂಡ ಜೂಮೇ, 300 ಎಂಎಂ ಪ್ರೈಮ್ ಜೂಮ್ ಅಲ್ಲ ಅಂದರೆ ಯಾರೂ ನಂಬುವುದಿಲ್ಲ. ಬಳಕೆ ಅಷ್ಟು ಬೇರೂರಿರುವಾಗ ತಿದ್ದುವುದು ದಂಡ ಅನಿಸುತ್ತದೆ. ‘ದೂರದ ಲೆನ್ಸ್’, ‘ಅಗಲದ ಲೆನ್ಸ್’ ಅಂತ ಬರೆದು, ಜೂಮ್ ತಂಟೆಗೇ ಹೋಗದಿರುವುದು ನನ್ನ ಉಪಾಯ. ಅಗಲದ ಲೆನ್ಸ್ ಅಂದಾಗ ಎಲ್ಲವನ್ನೂ ತುಂಬಿಸಿಕೊಳ್ಳುವುದಕ್ಕೆ ಅಂತ ತಿಳಿಯುತ್ತಾರೆ, ಅದನ್ನಂತೂ ತಿದ್ದಲೇಬೇಕು. ಅದರ ಗುಣ ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ್ದನ್ನು ಕುಗ್ಗಿಸುವುದು. ಮುಳ್ಳಯ್ಯನಗಿರಿಯಿಂದ ಕಾಣುವ ಬೆಟ್ಟದ ಸಾಲನ್ನು 16 ಎಂಎಂನಲ್ಲಿ ತೆಗೆದರೆ ಬೆಟ್ಟಗಳೆಲ್ಲ ಗೆರೆಯಾಗಿ, ಉಳಿದದ್ದೆಲ್ಲ ಆಕಾಶ. ಸಾಲಿನ ಹಿಂದೆ ಸಾಲು ಒತ್ತೊತ್ತಾಗಿ ಬರಬೇಕಾದರೆ 70-200 ಹಾಕಬೇಕು. ಮುಂದೆ ಕಲ್ಲೋ ಹುಲ್ಲೋ ಇದ್ದು ಅದನ್ನೂ ಕಥೆಯಲ್ಲಿ ಸೇರಿಸುವಾಗ ಅಗಲದ ಲೆನ್ಸಿಗೆ ಬೆಲೆ.

‘ಫೋಕಸ್’ ಅನ್ನು ಹಾಗೇ ಬಿಡುವುದು ಅಂತ ತೀರ್ಮಾನಿಸಿದ್ದೇನೆ, ಬೇರೆ ಅಭಿಪ್ರಾಯ ಇದ್ದರೆ ಕೇಳಲು ಸಿದ್ಧ. ಪಠ್ಯದಲ್ಲಿ ‘ಸಂಗಮ’ ಮತ್ತು ‘ನಾಭಿ’ ಎರಡೂ ಇವೆ. ಕಿರಣಗಳು ಕೂಡುವ ಜಾಗ, ಕೂಡಲಸಂಗಮದ ಸಂಗಮ, ನಾಮಪದವಾಗಿ ಒಳ್ಳೆಯದೇ. ಹಾಗಾಗಿ ಫೋಕಲ್ ಲೆಂತ್‌ಗೆ ‘ಸಂಗಮದೂರ’ ಅಂತ ಒಂದು ಕಡೆ ಬರೆದಿದ್ದೇನೆ. ಕ್ರಿಯಾಪದ ಮಾಡಲು ಹೋದರೆ ಫಜೀತಿ: ‘ಬಂಡೆಯ ಮೇಲೆ ಸಂಗಮ ಮಾಡಿ’ ಅಂತ ಬರೆದ ಪುಟ ಯಾರ ಕೈಗೆ ಸಿಕ್ಕರೂ ಮರ್ಯಾದೆ ಉಳಿಯುವುದಿಲ್ಲ. ಲ್ಯಾಟಿನ್‌ನಲ್ಲಿ ಫೋಕಸ್ ಅಂದರೆ ಒಲೆ. ಕೆಪ್ಲರ್ 1604ರಲ್ಲಿ ಬೆಳಕಿನ ವಿಷಯಕ್ಕೆ ತಂದು ಹಾಕಿದ. ಭೂತಗಾಜಿನಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟವರಿಗೆ ಒಲೆ ಯಾಕೆ ಅಂತ ಗೊತ್ತು.

ಕೊನೆಯದಾಗಿ ‘ಬ್ಲರ್’. ಇಂಗ್ಲಿಷ್‌ನಲ್ಲಿ ಒಂದೇ ಪದ, ಹುಡುಗರ ಬಾಯಲ್ಲೂ ಒಂದೇ, ಆದರೆ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ಫೋಕಸ್ ತಪ್ಪಿದ್ದಕ್ಕೆ ‘ಮಸುಕು’ ಇಟ್ಟುಕೊಂಡಿದ್ದೇನೆ. ಕೈ ನಡುಗಿದ್ದು ಅಥವಾ ಗಾಳಿಗೆ ಹುಲ್ಲು ಆಡಿದ್ದು ‘ಅಲುಗಿದ್ದು’. ಬೇಸಿಗೆಯ ಧೂಳಿನಿಂದಲೋ ಮಳೆಗಾಲದ ತೇವದಿಂದಲೋ ದೂರದ ಬೆಟ್ಟ ಬೂದಿ ಬಣ್ಣವಾಗಿ ಕಂಡರೆ ‘ಮಬ್ಬು’. ಮಬ್ಬಿಗೆ ಎಷ್ಟು ಒಳ್ಳೆ ಲೆನ್ಸ್ ಹಾಕಿದರೂ, ಎಷ್ಟು ಸಲ ಫೋಕಸ್ ಮಾಡಿದರೂ ಪ್ರಯೋಜನ ಇಲ್ಲ, ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ. ಕೈ ನಡುಗಿ ಅಲುಗಿದ್ದಕ್ಕೆ ಮುಕ್ಕಾಲಿ, ಹುಲ್ಲು ಆಡಿದ್ದಕ್ಕೆ ಶಟರ್ ವೇಗ ಹೆಚ್ಚಿಸುವುದು. ಮಸುಕಿಗೆ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಹಿಗ್ಗಿಸಿ ನೋಡಿ ಕೈಯಲ್ಲೇ ಫೋಕಸ್ ತಿರುಗಿಸುವುದು. ಅನಂತದ ಗುರುತಿನ, ಅಂದರೆ ಅಡ್ಡ ಮಲಗಿದ 8ರ, ಕೊನೆಗೆ ತಿರುಗಿಸಿ ಬಿಟ್ಟರೆ ಸಾಕು ಅಂತ ನಂಬಬೇಡಿ ಅಂತಲೂ ಬರೆದಿದ್ದೇನೆ, ಈಗಿನ ಎಷ್ಟೋ ಲೆನ್ಸುಗಳು ಅದನ್ನೂ ದಾಟಿ ತಿರುಗುತ್ತವೆ.

ಕೇಳಬೇಕಾಗಿರುವುದು ಇಷ್ಟು. ‘ನಿಚ್ಚಳ ಸೀಮೆ’ ನಿಮ್ಮ ಕಿವಿಗೆ ಹೇಗಿದೆ? ಉತ್ತರ ಕರ್ನಾಟಕದ ಕಡೆ, ಕರಾವಳಿ ಕಡೆ ನಿಚ್ಚಳ ಅನ್ನುವುದು ಮಾತಿನಲ್ಲಿ ಇದೆಯೇ, ಇಲ್ಲ ಬೇರೆ ಪದ ಓಡುತ್ತದೆಯೇ? ಹೈಪರ್‌ಫೋಕಲ್‌ಗೆ ಎರಡು ಪದದೊಳಗೆ ಮುಗಿಯುವ ಹೆಸರು ಯಾರಿಗಾದರೂ ಹೊಳೆದರೆ ತಿಳಿಸಿ, ಸದ್ಯಕ್ಕೆ ‘ಅನಂತ ಮುಟ್ಟುವ ದೂರ’ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ರೀಲ್ ಕಾಲದಲ್ಲಿ ಸ್ಟುಡಿಯೋ ನಡೆಸಿದ ಹಿರಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಫೋಕಸ್ ಸರಿಯಿಲ್ಲದ ಫೋಟೋಗೆ ಅವರು ಏನನ್ನುತ್ತಿದ್ದರು ಅಂತ ಒಂದು ಮಾತು ಕೇಳಿ ಬರೆಯಿರಿ.